ಮನೆಯಲ್ಲಿ ಕೂತು ದಾರ ಕತ್ತರಿಸುವವರೂ ಕಾರ್ಮಿಕರೇ

ಹೋದ ತಿಂಗಳು ಕೌಲ್‌ಬಜಾರ್ ಕಡೆಯ ಒಬ್ಬ ಅಕ್ಕ ನನ್ನ ಆಫೀಸಿಗೆ ಬಂದಿದ್ದರು. ಮನೆಯಲ್ಲೇ ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುತ್ತಾರೆ, ಲೂಪ್ ಹೊಲಿಯುತ್ತಾರೆ. ಎರಡು ವಾರದ ಕೂಲಿ ಬಂದಿಲ್ಲ. ಕೇಳಿದ್ದಕ್ಕೆ ಮಾಲೀಕರು, "ನೀನು ನಮ್ಮ ಕೆಲಸದವಳೇ ಅಲ್ವಲ್ಲಮ್ಮ" ಅಂದುಬಿಟ್ಟರಂತೆ.

ಬಳ್ಳಾರಿಯಲ್ಲಿ ಕಾರ್ಮಿಕರ ಕೇಸು ನಡೆಸುವ ನನಗೆ ಈ ಮಾತು ಹೊಸದಲ್ಲ. ಬಟ್ಟೆಯ ಗಂಟು ಮನೆ ಬಾಗಿಲಿಗೆ ಬರುತ್ತದೆ, ಪೀಸಿಗೆ ಇಷ್ಟು ಅಂತ ಬಾಯಿಮಾತಿನ ರೇಟು, ಕರೆಂಟ್ ಬಿಲ್ಲು ಇವರದು, ಸೂಜಿ ಮುರಿದರೆ ಇವರದು, ಮೆಷಿನ್ ಕೆಟ್ಟರೆ ರಿಪೇರಿಯೂ ಇವರದೇ. ಆದರೆ ಸಾಮಾನು ಮನೆಗೆ ಒಯ್ದು ಕೆಲಸ ಮಾಡಿಕೊಡುವವರನ್ನು 1948ರ ಕನಿಷ್ಠ ವೇತನ ಕಾಯ್ದೆಯೇ ನೌಕರರ ಲೆಕ್ಕಕ್ಕೆ ಸೇರಿಸಿತ್ತು.

ಅಕ್ಕನಿಗೆ ಇದನ್ನು ಹೇಳುತ್ತಾ, ಇಂಥ ಕೆಲಸದವರ ಬಗ್ಗೆ ಜಿನೀವಾದಲ್ಲಿ ಆದ ಅಂತಾರಾಷ್ಟ್ರೀಯ ಒಪ್ಪಂದದ ವಿಷಯವೂ ಬಂತು. ಅಕ್ಕ ನೇರವಾಗಿ ಕೇಳಿದರು: "ಅಲ್ಲ ಸಾರ್, ಅಲ್ಲೆಲ್ಲೋ ಕೂತು ಮಾತಾಡಿದ್ರೆ ನಮಗೇನು ಬಂತು?"

ನ್ಯಾಯವಾದ ಪ್ರಶ್ನೆ. ಜಿನೀವಾದಲ್ಲಿ ಪ್ರತಿ ವರ್ಷ ಅಂತಾರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ನಡೆಯುತ್ತದೆ. ಒಂದೊಂದು ದೇಶಕ್ಕೆ ನಾಲ್ಕು ವೋಟು: ಸರ್ಕಾರಕ್ಕೆ ಎರಡು, ಮಾಲೀಕರಿಗೆ ಒಂದು, ಕಾರ್ಮಿಕರಿಗೆ ಒಂದು. ಮನೆಗೆಲಸ ಅಲ್ಲ, ಮನೆಯಲ್ಲಿ ಕೂತು ಮಾಡುವ ಈ ಕೆಲಸದ ಒಪ್ಪಂದ ಅಲ್ಲಿ ಪಾಸಾಗಿದ್ದು 1996ರಲ್ಲಿ, ಅದರ ನಂಬರು 177. ಮಾಲೀಕರ ಗುಂಪು ಬೆಂಬಲ ಕೊಡಲಿಲ್ಲ, ಆದರೂ ಮೂರನೇ ಎರಡು ಭಾಗ ವೋಟು ಬಿತ್ತು. ಅದರ ಹಿಂದೆ ಅಹಮದಾಬಾದಿನ 'ಸೇವಾ' (SEWA) ಅನ್ನುವ, ಸ್ವಂತ ದುಡಿಮೆಯ ಹೆಂಗಸರ ಸಂಘದವರ ವರ್ಷಗಟ್ಟಲೆ ಓಡಾಟ ಇತ್ತು. 1972ರಲ್ಲಿ ಇಳಾ ಭಟ್ ಆ ಸಂಘ ಕಟ್ಟಿದಾಗ ನೋಂದಣಿ ಮಾಡುವವರು, ನಿಮಗೆ ಮಾಲೀಕನೇ ಇಲ್ಲವಲ್ಲ, ಯೂನಿಯನ್ ಹೇಗೆ ಅಂತ ತಕರಾರು ತೆಗೆದಿದ್ದರು. ಇಪ್ಪತ್ತನಾಲ್ಕು ವರ್ಷದ ಮೇಲೆ ಅದೇ ತಕರಾರಿಗೆ ಇಡೀ ಜಗತ್ತಿನ ಮುಂದೆ ಉತ್ತರ ಸಿಕ್ಕಿತು. ಒಪ್ಪಂದದ ಜೊತೆಗಿರುವ ಶಿಫಾರಸ್ಸಿನಲ್ಲಿ ಕರೆಂಟು, ನೀರು, ಮೆಷಿನ್ ರಿಪೇರಿ ಖರ್ಚನ್ನು ಕೆಲಸ ಮಾಡುವವರಿಗೆ ತುಂಬಿಕೊಡಬೇಕು ಅಂತ ಬರೆದಿದೆ. ಅದನ್ನು ಓದಿ ಹೇಳಿದಾಗ ಅಕ್ಕ, "ಸೂಜಿ ಸಮೇತನಾ?" ಅಂದರು.

2001ರಲ್ಲಿ ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ, 2004ರಲ್ಲಿ ಮುಂಬೈಯಲ್ಲಿ, 2024ರಲ್ಲಿ ಕಠ್ಮಂಡುವಿನಲ್ಲಿ ಬೇರೆ ಬೇರೆ ದೇಶದ ಜನಸಂಘಟನೆಗಳು ಸೇರುವ ವಿಶ್ವ ಸಾಮಾಜಿಕ ವೇದಿಕೆ ನಡೆದಾಗಲೂ ಬರೀ ಭಾಷಣ ಅಂದವರಿದ್ದಾರೆ. ನಾನು ಒಪ್ಪುವುದಿಲ್ಲ. ಬೇರೆ ಬೇರೆ ದೇಶದವರು ಒಂದೇ ಕಷ್ಟ ಹೇಳಿಕೊಂಡು, ಅದಕ್ಕೊಂದು ಹೆಸರು ಕೊಟ್ಟು, ಆ ಹೆಸರು ಕಾಗದದ ಮೇಲೆ ಬಂದ ಮೇಲೆಯೇ ನಾವು ವಕೀಲರು ಅದನ್ನು ಹಿಡಿದು ವಾದ ಮಾಡೋಕೆ ಆಗುವುದು.

ಬೇಸರದ ಸಂಗತಿ ಅಂದರೆ 177ನೇ ಒಪ್ಪಂದವನ್ನು ಭಾರತ ಇನ್ನೂ ಒಪ್ಪಿ ಸಹಿ ಹಾಕಿಲ್ಲ. ನಮ್ಮ ಹೆಂಗಸರ ಹೋರಾಟದಿಂದ ಹುಟ್ಟಿದ್ದಕ್ಕೆ ನಮ್ಮ ಸರ್ಕಾರವೇ ಸಹಿ ಹಾಕದಿದ್ದರೆ ಹೇಗೆ?

ಅಲ್ಲಿಯವರೆಗೆ ನನ್ನ ಹತ್ತಿರ ಬರುವವರಿಗೆಲ್ಲ ನಾನು ಹೇಳುವುದು ಒಂದೇ: ಬರೆದಿಡಿ. ತಾರೀಖು, ಎಷ್ಟು ಪೀಸು, ಯಾವ ರೇಟು, ಗಂಟು ತಂದ ಹುಡುಗನ ಸಹಿ. ಸಹಿ ಹಾಕದಿದ್ದರೆ ಗಂಟಿನ ಮೇಲಿನ ಚೀಟಿಯ ಫೋಟೋ ಆದರೂ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಆ ಅಕ್ಕ ಮಗಳ ಹಳೇ ಶಾಲೆ ನೋಟ್‌ಬುಕ್ಕಿನ ಹಿಂದಿನ ಖಾಲಿ ಹಾಳೆಗಳಲ್ಲಿ ಶುರು ಮಾಡಿದ್ದಾರೆ. ಮೊನ್ನೆ ಬಂದಾಗ ಪಕ್ಕದ ಮನೆಯ ಇಬ್ಬರನ್ನೂ ಕರೆದುಕೊಂಡು ಬಂದಿದ್ದರು, ಅವರ ಕೈಯಲ್ಲೂ ಒಂದೊಂದು ನೋಟ್‌ಬುಕ್ ಇತ್ತು.