ಕೋರ್ಟಿನ ವಿಡಿಯೋ ಅಸಲಿ, ಹಾಗಾದರೆ ಕತೆಯೂ ಅಸಲಿ ಅಲ್ವಾ?

ಪ್ರಶ್ನೆ: ಕೊಲೆ ಪ್ರಕರಣಗಳ ಡಾಕ್ಯುಮೆಂಟರಿಗಳಲ್ಲಿ ಕೋರ್ಟಿನ ಅಸಲಿ ವಿಡಿಯೋ ಇರುತ್ತದೆ. ನಟನೆ ಇಲ್ಲ. ಆದರೂ ಅದನ್ನು ಏಕಪಕ್ಷೀಯ ಅನ್ನುತ್ತೀರಲ್ಲ, ಯಾಕೆ?

ಮಂಗಳೂರಿನಿಂದ ಕುಂದಾಪುರದವರೆಗೆ ಎಲ್ಲರದ್ದೂ ಇದೇ ಪ್ರಶ್ನೆ. ಎಷ್ಟು ಸಲ ಹೇಳಿದರೂ ಮತ್ತೆ ಬರುತ್ತದೆ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಕೊನೆವರೆಗೆ ಓದಿ.

2015ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘ಮೇಕಿಂಗ್ ಎ ಮರ್ಡರರ್’ ತೆಗೆದುಕೊಳ್ಳಿ. ಅಮೆರಿಕದ ಸ್ಟೀವನ್ ಏವರಿ ಮಾಡದ ತಪ್ಪಿಗೆ 18 ವರ್ಷ ಜೈಲಿನಲ್ಲಿದ್ದ. ಡಿಎನ್ಎ ಪರೀಕ್ಷೆಯಿಂದಾಗಿ 2003ರಲ್ಲಿ ಹೊರಬಂದ. 2005ರಲ್ಲಿ ಯುವತಿಯೊಬ್ಬಳ ಕೊಲೆ ಆರೋಪ ಅವನ ಮೇಲೆ ಬಂತು, 2007ರಲ್ಲಿ ಶಿಕ್ಷೆಯಾಯಿತು. ಪೊಲೀಸರೇ ಸಾಕ್ಷ್ಯ ತಂದಿಟ್ಟರಾ ಎಂಬ ಅನುಮಾನ 10 ಕಂತುಗಳ ಉದ್ದಕ್ಕೂ ಬೆಳೆಯುತ್ತದೆ.

ಅದರಲ್ಲಿ ಒಬ್ಬ ಪೊಲೀಸ್ ಅಧಿಕಾರಿಯ ಪಾಟೀಸವಾಲು ಇದೆ. ಸತ್ತ ಯುವತಿಯ ಕಾರು ಸಿಗುವ ಮೊದಲೇ ಅದರ ನಂಬರ್ ತಪಾಸಣೆಗೆ ಅವರು ಮಾಡಿದ್ದ ಕರೆಯ ಬಗ್ಗೆ. ‘ನಿಮ್ಮ ಕರೆ ಕೇಳಿದವರಿಗೆ, ನೀವು ಆ ಕಾರನ್ನು ನೋಡುತ್ತಲೇ ನಂಬರ್ ಹೇಳುತ್ತಿದ್ದಿರಿ ಅನ್ನಿಸಬಹುದಲ್ವಾ?’ ಎಂದು ಏವರಿಯ ವಕೀಲರು ಕೇಳುತ್ತಾರೆ. ಅಧಿಕಾರಿ ‘ಹೌದು’ ಅನ್ನುತ್ತಾರೆ. ನೋಡುವವರಿಗೆ ಮೈ ಜುಮ್ಮೆನ್ನುತ್ತದೆ. ಆದರೆ ಕೋರ್ಟಿನಲ್ಲಿ ಆ ಪ್ರಶ್ನೆಗೆ ಆಕ್ಷೇಪ ಬಂತು, ನ್ಯಾಯಾಧೀಶರು ಅದನ್ನು ಒಪ್ಪಿದರು, ಉತ್ತರವೇ ಬರಲಿಲ್ಲ. ‘ಇದು ನೀವು ಮಾಡಿದ ನೂರಾರು ನಂಬರ್ ತಪಾಸಣೆ ಕರೆಗಳ ಹಾಗೇ ಕೇಳಿಸುತ್ತದಾ?’ ಎಂಬ ಮುಂದಿನ ಪ್ರಶ್ನೆಗೆ ಅವರು ಹೌದು ಅಂದದ್ದು. ಪ್ರಶ್ನೆ ಅಸಲಿ, ಉತ್ತರವೂ ಅಸಲಿ. ಜೋಡಿಸಿದ್ದು ಮಾತ್ರ ಎಡಿಟಿಂಗ್ ಮೇಜಿನಲ್ಲಿ. ಅಧಿಕಾರಿ ಮಾನನಷ್ಟ ಮೊಕದ್ದಮೆ ಹೂಡಿದರು. 2023ರಲ್ಲಿ ಕೋರ್ಟು ಅದನ್ನು ವಜಾ ಮಾಡಿತು. ಕಾನೂನಿನಲ್ಲಿ ಅದು ಮಾನನಷ್ಟ ಆಗಲಿಲ್ಲ, ಸರಿ. ನಾವು ಕೇಳಿದ ‘ಹೌದು’ ಬೇರೆ ಪ್ರಶ್ನೆಯದ್ದು ಎಂಬುದಂತೂ ಬದಲಾಗುವುದಿಲ್ಲ.

ಇನ್ನು ಬಿಟ್ಟುಬಿಟ್ಟದ್ದು. ಕಾರಿನ ಬಾನೆಟ್ ಕೊಂಡಿಯ ಮೇಲೆ ಏವರಿಯ ಡಿಎನ್ಎ ಸಿಕ್ಕಿದೆ ಎಂದು ಜೂರಿ (ತೀರ್ಪು ಕೊಡುವ ಸಾಮಾನ್ಯ ನಾಗರಿಕರ ತಂಡ) ಮುಂದೆ ಸಾಕ್ಷ್ಯ ಬಂದಿತ್ತು. ಈ 10 ಕಂತುಗಳಲ್ಲಿ ಅದರ ಸುದ್ದಿಯೇ ಇಲ್ಲ. ಸರಣಿ ನೋಡಿದ 1 ಲಕ್ಷಕ್ಕೂ ಹೆಚ್ಚು ಜನ ಕ್ಷಮಾದಾನ ಕೊಡಿ ಎಂದು ಶ್ವೇತಭವನಕ್ಕೆ ಮನವಿ ಹಾಕಿದರು. ಏವರಿ ತಪ್ಪಿತಸ್ಥನೋ ಅಲ್ಲವೋ ಎಂಬ ಚರ್ಚೆ ನನ್ನದಲ್ಲ. ಅರ್ಧ ಸಾಕ್ಷ್ಯ ನೋಡಿ ಇಡೀ ತೀರ್ಪು ಕೊಡಬೇಡಿ ಅಂತಷ್ಟೇ ಹೇಳುತ್ತಿದ್ದೇನೆ.

ನಮ್ಮ ಊರಿನವರಿಗೆ ಇದು ಬೇಗ ಅರ್ಥವಾಗಬೇಕು. ತಾಳಮದ್ದಳೆಯಲ್ಲಿ ವಾಲಿಯ ಅರ್ಥಧಾರಿ ಒಳ್ಳೆ ಮಾತುಗಾರನಾದರೆ ಸಭೆಯೆಲ್ಲ ವಾಲಿಯ ಕಡೆ. ಆದರೆ ಎದುರಿಗೆ ರಾಮ ಕೂತಿರುತ್ತಾನೆ, ಉತ್ತರ ಕೊಡುತ್ತಾನೆ. ಈ ಸರಣಿಯಲ್ಲಿ ಎದುರಿನ ಜಾಗ ಹೆಚ್ಚಾಗಿ ಖಾಲಿ. ಸಂದರ್ಶನಕ್ಕೆ ಸರ್ಕಾರಿ ವಕೀಲರೂ ಒಪ್ಪಲಿಲ್ಲ, ಸತ್ತವಳ ಮನೆಯವರೂ ಒಪ್ಪಲಿಲ್ಲ. ಬಾರದವರಿಗೆ ಏನೋ ಮುಚ್ಚಿಡಲಿಕ್ಕಿದೆ ಅಂದುಕೊಳ್ಳಬೇಡಿ. ಮಗಳನ್ನು ಕಳೆದುಕೊಂಡವರು ಕ್ಯಾಮೆರಾ ಮುಂದೆ ಕೂರಲೇಬೇಕಾ?

ಯಾರೂ ಕೇಳದಿದ್ದರೂ ಇನ್ನೊಂದು ಮಾತು. ವಿಚಾರಣೆ ಮುಗಿಯುವ ಮೊದಲೇ ಇಂಥ ಸರಣಿ ಬರಬಹುದಾ? ನಮ್ಮಲ್ಲೂ ಬಂದಿದೆ. ಶೀನಾ ಬೋರಾ ಕೊಲೆ ಪ್ರಕರಣದ ಸರಣಿಯನ್ನು ತಡೆಯಬೇಕು ಎಂದು 2024ರಲ್ಲಿ ಸಿಬಿಐ ಬಾಂಬೆ ಹೈಕೋರ್ಟಿಗೆ ಹೋಯಿತು. ನ್ಯಾಯಮೂರ್ತಿಗಳು ತಾವೇ ನೋಡಿ, ವಿಚಾರಣೆಗೆ ತೊಂದರೆ ಮಾಡುವಂಥದ್ದೇನೂ ಇಲ್ಲ ಎಂದು ಬಿಡುಗಡೆಗೆ ಬಿಟ್ಟರು. ನಮ್ಮಲ್ಲಿ ಜೂರಿ ಇಲ್ಲ, ತೀರ್ಪು ಕೊಡುವುದು ನ್ಯಾಯಾಧೀಶರು. ಹಾಗಾಗಿ ಪರವಾಗಿಲ್ಲ ಅನ್ನುವವರಿದ್ದಾರೆ. ನನಗೆ ಚಿಂತೆ ಸಾಕ್ಷಿಗಳದ್ದು. ನಾಳೆ ಕಟಕಟೆ ಹತ್ತಬೇಕಾದವರೂ ಮೊಬೈಲಿನಲ್ಲಿ ಅದನ್ನೇ ನೋಡುತ್ತಾರೆ. ತಾವು ಕಣ್ಣಾರೆ ಕಂಡದ್ದೆಷ್ಟು, ಸರಣಿಯಲ್ಲಿ ನೋಡಿದ್ದೆಷ್ಟು ಅಂತ ಆಮೇಲೆ ಅವರಿಗೇ ಗೊತ್ತಾಗದೆ ಹೋಗಬಹುದು.