ಪಿರಮಿಡ್ಡಿಗೆ ಎರಡು ಮುಖ ಬೇಕು

ಪಿರಮಿಡ್ ಆಕಾರವನ್ನು ಸೆರೆಹಿಡಿಯಲು ಹೊರಟವರು ಬಹುಮಟ್ಟಿಗೆ ತ್ರಿಕೋನವನ್ನು ಹಿಡಿದುಕೊಂಡು ಮನೆಗೆ ಬರುತ್ತಾರೆ. ನನ್ನ ಬಳಿ ಛಾಯಾಗ್ರಹಣ ಕಲಿಯುವವರು ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದ ವಿಮಾನವನ್ನೋ (ಗರ್ಭಗುಡಿಯ ಮೇಲೇಳುವ ಕಟ್ಟಡ) ಸ್ಕಂದಗಿರಿ ಬೆಟ್ಟವನ್ನೋ ತೆಗೆದು ತಂದಾಗ ಅಂಚುಗಳೆಲ್ಲ ಸರಿಯಾಗಿಯೇ ಇರುತ್ತವೆ. ಆದರೆ ಹಿಂದಕ್ಕೆ ಸರಿಯುವ ಇಳಿಜಾರಾಗಲಿ ಕಲ್ಲಿನ ತೂಕವಾಗಲಿ ಚಿತ್ರದಲ್ಲಿ ಇರುವುದಿಲ್ಲ, ಕಾಗದ ಕತ್ತರಿಸಿ ಆಕಾಶಕ್ಕೆ ಅಂಟಿಸಿದಂತೆ ಕಾಣುತ್ತದೆ. ದುಬಾರಿ ಲೆನ್ಸು ಕೊಂಡರೂ ಈ ಕೊರತೆ ನೀಗುವುದಿಲ್ಲ. ನೋಡುವವರ ಕಣ್ಣಿಗೆ ಕನಿಷ್ಠ ಎರಡು ಮುಖಗಳು ಕಾಣಬೇಕು, ಆ ಎರಡರ ಮೇಲೂ ಬೆಳಕು ಬೇರೆ ಬೇರೆ ಪ್ರಮಾಣದಲ್ಲಿ ಬಿದ್ದಿರಬೇಕು. ಎಲ್ಲಿ ನಿಲ್ಲಬೇಕು, ಯಾವಾಗ ನಿಲ್ಲಬೇಕು ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಇದರಲ್ಲೇ ಇದೆ.

ಮೊದಲು ಬೆಳಕಿನ ವಿಚಾರ. ಭೋಗನಂದೀಶ್ವರ ದೇವಾಲಯದ ಗುಡಿಗಳು ಪೂರ್ವಾಭಿಮುಖವಾಗಿವೆ. ನಮ್ಮ ಭಾಗ ಉತ್ತರ ಅಕ್ಷಾಂಶ ಸುಮಾರು 13.4 ಡಿಗ್ರಿಯಲ್ಲಿರುವುದರಿಂದ ಡಿಸೆಂಬರ್ ಕೊನೆಯಲ್ಲಿ ಸೂರ್ಯ ನೇರ ಪೂರ್ವಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಆಗ ಆಗ್ನೇಯ ಮೂಲೆಯಲ್ಲಿ ನಿಂತು ವಿಮಾನವನ್ನು ನೋಡಿದರೆ ಪೂರ್ವದ ಮುಖಕ್ಕೆ ಬೀಳುವ ಬಿಸಿಲು ದಕ್ಷಿಣದ ಮುಖಕ್ಕೆ ಬೀಳುವುದಕ್ಕಿಂತ ಎರಡು ಪಟ್ಟಿಗೂ ತುಸು ಹೆಚ್ಚಾಗಿರುತ್ತದೆ; ಬೆಳಕು ಎರಡು ಪಟ್ಟಾಗುವುದನ್ನು ಒಂದು ಸ್ಟಾಪ್ ಎನ್ನುವ ಕ್ಯಾಮೆರಾದ ಲೆಕ್ಕದಲ್ಲಿ ಇದು ಒಂದು ಸ್ಟಾಪ್‌ಗಿಂತ ಸ್ವಲ್ಪ ಮೇಲಿನ ಅಂತರ. ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ಅಂತರ ಇಲ್ಲ, ಏಕೆಂದರೆ ಎರಡೂ ಮುಖಗಳ ಕೆತ್ತನೆ ಉಳಿಯುತ್ತದೆ, ಅವೆರಡೂ ಕೂಡುವ ಅಂಚಾದ ಏಣೂ ಸ್ಪಷ್ಟವಾಗಿ ಎದ್ದು ನಿಲ್ಲುತ್ತದೆ. ಹೊತ್ತು ಏರಿದಂತೆ ಸೂರ್ಯ ದಕ್ಷಿಣಕ್ಕೆ ಹೊರಳಿ, ಒಂಬತ್ತೂಮುಕ್ಕಾಲರ ಸುಮಾರಿಗೆ ಎರಡೂ ಮುಖಗಳಿಗೆ ಸಮನಾಗಿ ಬಿಸಿಲು ಬಿದ್ದು ಆ ಏಣು ಅಳಿಸಿಹೋಗುತ್ತದೆ. ತಿಂಡಿ ಮುಗಿಸಿ ಬೆಂಗಳೂರಿನಿಂದ ಹೊರಡುವವರು ದೇವಾಲಯ ತಲುಪುವುದು ಸರಿಯಾಗಿ ಆ ಹೊತ್ತಿಗೇ.

ಜೂನ್ ತಿಂಗಳಲ್ಲಿ ಇದು ತಿರುವುಮುರುವಾಗುತ್ತದೆ. ಸೂರ್ಯ ಪೂರ್ವಕ್ಕಿಂತ ಅಷ್ಟೇ ಡಿಗ್ರಿ ಉತ್ತರಕ್ಕೆ ಹುಟ್ಟಿ, ನಡುಮಧ್ಯಾಹ್ನದಲ್ಲೂ ಉತ್ತರ ದಿಕ್ಕಿನಲ್ಲೇ ಇರುವುದರಿಂದ, ಚಳಿಗಾಲವಿಡೀ ನೆರಳಿನಲ್ಲಿದ್ದ ಉತ್ತರದ ಮುಖವನ್ನು ಈಶಾನ್ಯ ಮೂಲೆಯಿಂದ ತೆಗೆಯಲು ಅದೇ ತಕ್ಕ ಕಾಲ. ಮೋಡ ಬಿಟ್ಟುಕೊಡಬೇಕು, ಅಷ್ಟೆ.

ಇನ್ನು ದೂರ. ದ್ರಾವಿಡ ವಿಮಾನ ತಲದ (ಅಂತಸ್ತಿನ) ಮೇಲೆ ತಲವಾಗಿ ಒಳಸರಿಯುತ್ತಾ ಏರುತ್ತದೆ, ಪ್ರತಿ ತಲದ ಅಂಚಿನಲ್ಲಿ ಕಪೋತ, ಅಂದರೆ ಬಾಗಿದ ಸೂರು, ಮುಂದಕ್ಕೆ ಚಾಚಿರುತ್ತದೆ. ಗೋಡೆಯ ಹತ್ತಿರ ನಿಂತು ಕ್ಯಾಮೆರಾವನ್ನು ಮೇಲಕ್ಕೆತ್ತಿದರೆ ಕೆಳಗಿನ ಕಪೋತ ಮೇಲಿನ ತಲಗಳನ್ನು ಮರೆಮಾಡುತ್ತದೆ, ಶಿಖರದ ಕೆಳಗಿನ ಕುತ್ತಿಗೆಯಾದ ಗ್ರೀವ ಪೂರ್ತಿ ಮಾಯವಾಗುತ್ತದೆ, ಶಿಖರದ ತುದಿ ಮಾತ್ರ ಇಣುಕುತ್ತದೆ. ಜೊತೆಗೆ ಕೆಳಗಿನ ಭಿತ್ತಿಯ ಲಂಬ ರೇಖೆಗಳು ಒಳಕ್ಕೆ ವಾಲುವುದರಿಂದ ಎಲ್ಲಿ ಗೋಡೆ ಮುಗಿದು ಇಳಿಜಾರು ಆರಂಭವಾಯಿತು ಎಂಬುದೇ ತಿಳಿಯುವುದಿಲ್ಲ. ಎತ್ತರದ ಕನಿಷ್ಠ ಮೂರು ಪಟ್ಟು ದೂರ ಹೋಗಿ, 70 ಮಿ.ಮೀ. ಅಥವಾ ಅದಕ್ಕಿಂತ ಉದ್ದದ ಲೆನ್ಸಿನಲ್ಲಿ, ಕ್ಯಾಮೆರಾವನ್ನು ನೆಲಕ್ಕೆ ಆದಷ್ಟು ಸಮತಲವಾಗಿ ಹಿಡಿದು ತೆಗೆಯುವುದು ಲೇಸು. ಬುಡದಲ್ಲಿ 230 ಮೀಟರ್ ಅಗಲವಿರುವ ಗೀಜಾದ ಮಹಾ ಪಿರಮಿಡ್ಡಿನ ಒಳ್ಳೆಯ ಚಿತ್ರಗಳು ಬಹುತೇಕ ಮರಳುಗಾಡಿನೊಳಗೆ ದೂರ ಸರಿದು ತೆಗೆದವುಗಳಾಗಿರುವುದಕ್ಕೂ ಇದೇ ಕಾರಣ. ನಮ್ಮ ಊರುಗಳಲ್ಲಿ ಹಾಗೆ ಹಿಂದೆ ಸರಿದರೆ ವಿದ್ಯುತ್ ತಂತಿ, ಫ್ಲೆಕ್ಸ್ ಬೋರ್ಡು ಅಡ್ಡ ಬರುತ್ತವೆ ಎಂಬುದು ಬೇರೆ ಮಾತು. ಕೋಲಾರದ ಸೋಮೇಶ್ವರ ದೇವಾಲಯದಲ್ಲಿರುವಂಥ ಗೋಪುರಗಳ ತಳ ಚೌಕವಲ್ಲ, ಆಯತ. ಅವುಗಳ ನೆತ್ತಿಯೂ ಬಿಂದುವಾಗಿರದೆ ಉದ್ದನೆಯ ರೇಖೆಯಾಗಿರುತ್ತದೆ. ಆದ್ದರಿಂದ ಎದುರಿನಿಂದ ತೆಗೆದ ಗೋಪುರ ತುದಿ ಕತ್ತರಿಸಿದ ಪಿರಮಿಡ್ಡಿನಂತೆಯೇ ಕಾಣುವುದು ಸಹಜ.

ಬೆಟ್ಟಗಳಲ್ಲಿ ಕಷ್ಟ ಇನ್ನೊಂದು ಬಗೆಯದು. ಆಲ್ಪ್ಸ್‌ನ 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ನಿಜವಾಗಿಯೂ ಪಿರಮಿಡ್ಡು, ಏಕೆಂದರೆ ಹಿಮನದಿಗಳು ಅದನ್ನು ಹಲವು ಕಡೆಗಳಿಂದ ಕೊರೆದು ಮುಖಗಳನ್ನೂ ಏಣುಗಳನ್ನೂ ಮಾಡಿವೆ. ನಮ್ಮ ಗ್ರಾನೈಟ್ ಬೆಟ್ಟಗಳು ಮೇಲಿನ ಭಾರ ಕಳೆದಂತೆ ಪದರಪದರವಾಗಿ ಬಿಚ್ಚಿಕೊಂಡು ಗುಮ್ಮಟವಾಗುತ್ತವೆ. ಅವುಗಳಿಗೆ ಏಣೇ ಇರುವುದಿಲ್ಲ. ಉದ್ದಕ್ಕೆ ಮಲಗಿದ ಬೆಟ್ಟವನ್ನು ಪಕ್ಕದಿಂದ ನೋಡಿದರೆ ಅದು ಅಗಲವಾದ ಬೆನ್ನು, ತುದಿಯ ಕಡೆಯಿಂದ ನೋಡಿದರೆ ಚೂಪಾದ ಶಿಖರ. ನಂದಿಬೆಟ್ಟ ಮಲಗಿದ ಬಸವನಂತೆ ಕಾಣುತ್ತದೆಂದು ಜನ ಹೇಳುವುದು ಪಕ್ಕದ ನೋಟವನ್ನು. ಹಾಗಾಗಿ ಕ್ಯಾಮೆರಾ ತೆರೆಯುವ ಮೊದಲು ಬೆಟ್ಟದ ಸುತ್ತಲ ಹಳ್ಳಿಗಳ ದಾರಿಯಲ್ಲಿ ಒಂದು ಸುತ್ತು ಹಾಕಿ, ಅದು ಎಲ್ಲಿಂದ ಅತಿ ಕಿರಿದಾಗಿ ಕಾಣುತ್ತದೆಂದು ಗುರುತಿಸಿಕೊಳ್ಳುವುದು ಅಗತ್ಯ.

ನಂದಿಬೆಟ್ಟ, ಸ್ಕಂದಗಿರಿಗಳ ನೆತ್ತಿಯಲ್ಲಿ ಸೂರ್ಯೋದಯಕ್ಕೆಂದು ನೆರೆದವರೆಲ್ಲ ಪೂರ್ವಕ್ಕೆ ಮುಖ ಮಾಡಿರುವಾಗ ಬೆನ್ನ ಹಿಂದೆ ಒಂದು ಪಿರಮಿಡ್ ಬಿದ್ದಿರುತ್ತದೆ. ಸೂರ್ಯ ಹುಟ್ಟಿ ಸುಮಾರು ಹದಿನೈದು ನಿಮಿಷಕ್ಕೆ ಕ್ಷಿತಿಜದಿಂದ 3 ಡಿಗ್ರಿ ಮೇಲಿರುತ್ತಾನೆ. ಆಗ ಸುತ್ತಲ ಬಯಲಿಗಿಂತ 500 ಮೀಟರ್ ಎತ್ತರವಿರುವ ಬೆಟ್ಟದ ನೆರಳು ಪಶ್ಚಿಮಕ್ಕೆ ಒಂಬತ್ತೂವರೆ ಕಿಲೋಮೀಟರ್ ಚಾಚುತ್ತದೆ. ಅಷ್ಟು ಉದ್ದದ ನೆರಳಿನ ಎರಡೂ ಅಂಚುಗಳು ದೂರ ಹೋದಂತೆ ಒಂದನ್ನೊಂದು ಸಮೀಪಿಸುವಂತೆ ಕಾಣುವುದರಿಂದ, ಬೆಟ್ಟ ಗುಮ್ಮಟದಂತಿದ್ದರೂ ಅದರ ನೆರಳಿಗೆ ಚೂಪಾದ ತುದಿ ಬರುತ್ತದೆ. ಕಣಿವೆಯಲ್ಲಿ ತೆಳುವಾದ ಮಂಜಿದ್ದರೆ ನೆರಳು ಅದರೊಳಗೇ ನಿಂತಂತೆ ತೋರಿ, ಇಲ್ಲಿ ಮಾತ್ರ ಒಂದೇ ಮುಖ ಸಾಕೆನಿಸುತ್ತದೆ. ಮಂಜಿನ ಬಿಳುಪಿಗೆ ಕ್ಯಾಮೆರಾ ಮೋಸಹೋಗಿ ಚಿತ್ರವನ್ನು ಬೂದಾಗಿಸುವುದರಿಂದ ಎಕ್ಸ್‌ಪೋಶರನ್ನು ಅರ್ಧದಿಂದ ಒಂದು ಸ್ಟಾಪ್ ಹೆಚ್ಚಿಸಿಕೊಳ್ಳಬೇಕು.

ಭೋಗನಂದೀಶ್ವರದ ಕಲ್ಯಾಣಿಯನ್ನು ತಲೆಕೆಳಗಾದ ಪಿರಮಿಡ್ಡೆಂದು ತೆಗೆಯುವವರಿಗೆ ಹೇಳಬೇಕಾದದ್ದು ಕಡಿಮೆ: ಮೂಲೆಯಲ್ಲಿ ನಿಲ್ಲಬೇಕು, ಅಗಲದ ಲೆನ್ಸ್ ಬಳಸಬೇಕು, ಮೆಟ್ಟಿಲಿನ ಮೇಲ್ಮೈಗೆ ಬಿಸಿಲಿದ್ದು ಅದರ ಎದುರುಮೈ ನೆರಳಿನಲ್ಲಿರುವ ಹೊತ್ತಿಗೆ ಕಾಯಬೇಕು.

ಕೊನೆಯದಾಗಿ ಸಂಕಲನದ ತಂತ್ರಾಂಶ. ವಾಲಿದ ಗೆರೆಗಳನ್ನು ತಾನಾಗಿಯೇ ನೆಟ್ಟಗೆ ಮಾಡುವ ಸೌಲಭ್ಯ ಪಿರಮಿಡ್ ಚಿತ್ರಗಳಿಗೆ ಅಪಾಯಕಾರಿ, ಏಕೆಂದರೆ ವಿಮಾನದ ನಿಜವಾದ ಇಳಿಜಾರನ್ನೂ ಅದು ವಾಲಿದ ಗೋಡೆಯೆಂದು ಭ್ರಮಿಸಿ, ನೆತ್ತಿಯನ್ನು ಅಗಲಿಸಿಬಿಡುತ್ತದೆ. ಭಿತ್ತಿಯ ಅರೆಗಂಬದಂಥ, ಖಚಿತವಾಗಿ ನೆಟ್ಟಗಿರುವ ಎರಡು ರೇಖೆಗಳನ್ನು ಕೈಯಾರೆ ಗುರುತಿಸಿ, ಅವುಗಳಿಗೆ ಅನುಗುಣವಾಗಿ ಮಾತ್ರ ತಿದ್ದುವುದು ಸರಿಯಾದ ಕ್ರಮ.