ಸಿಂಹ ನಾಯಿಯಾದ ಕಥೆ: ಡಚ್ಚರ ಒಂದು ಬೆಳ್ಳಿ ನಾಣ್ಯ

ಡಚ್ಚರ ಹಳೇ ಬೆಳ್ಳಿ ನಾಣ್ಯ ಕೂಡಿಡುವವರು ಲೇವನ್‌ಡಾಲ್ಡರ್ ಅನ್ನು ತಪ್ಪಿಸಿಕೊಳ್ಳುವುದು ಕಷ್ಟ. ಹೆಸರಿನ ಅರ್ಥ ಸಿಂಹದ ಡಾಲರ್. ಒಂದು ಬದಿಯಲ್ಲಿ ಹಿಂಗಾಲ ಮೇಲೆ ಎದ್ದುನಿಂತ ಸಿಂಹ, ಇನ್ನೊಂದು ಬದಿಯಲ್ಲಿ ಗುರಾಣಿಯ ಹಿಂದೆ ನಿಂತ ಯೋಧ. ಕೈಗೆ ತಗೊಂಡರೆ ಮೊದಲು ನಿರಾಸೆಯೇ ಜಾಸ್ತಿ. ಅಂಚು ಸೊಟ್ಟ, ಅರ್ಧ ಅಕ್ಷರ ಮಾಯ, ಎಷ್ಟೋ ಸಲ ಯೋಧನಿಗೆ ಮುಖವೇ ಇರುವುದಿಲ್ಲ. ಸವೆದದ್ದು ಅಂದುಕೊಳ್ಳಬೇಡಿ. ಸುತ್ತಿಗೆಯಲ್ಲಿ ಬಡಿದು ಅಚ್ಚು ಮೂಡಿಸುತ್ತಿದ್ದ ಕಾಲ ಅದು. ಹುಟ್ಟುವಾಗಲೇ ಅದರ ಗತಿ ಹಾಗೆ.

1575ರಲ್ಲಿ ಹಾಲೆಂಡ್ ಪ್ರಾಂತ್ಯ ಸ್ಪೇನಿನ ದೊರೆ ಎರಡನೇ ಫಿಲಿಪ್ ವಿರುದ್ಧ ದಂಗೆ ಎದ್ದಿತ್ತು. ಯುದ್ಧಕ್ಕೆ ದುಡ್ಡು ಬೇಕಿತ್ತು. ಆಗ ಬಂದ ಈ ನಾಣ್ಯದ ತೂಕ ಸುಮಾರು 27.7 ಗ್ರಾಂ. ಅದರಲ್ಲಿ ಬೆಳ್ಳಿ ಮುಕ್ಕಾಲು ಪಾಲು, ಮಿಕ್ಕದ್ದು ಹೆಚ್ಚಾಗಿ ತಾಮ್ರ. ಆಮೇಲೆ ಬಂದ ರೈಕ್ಸ್‌ಡಾಲ್ಡರ್ ಎಂಬ ಇನ್ನೊಂದು ಡಚ್ ನಾಣ್ಯದಲ್ಲಾದರೆ ಶೇ. 88ರಷ್ಟು ಬೆಳ್ಳಿ. ಹೀಗಾಗಿ ಬೆಳ್ಳಿ ಕಮ್ಮಿಯಿದ್ದ ಸಿಂಹಕ್ಕೆ ಹೊರದೇಶದ ವ್ಯಾಪಾರದಲ್ಲೇ ಕೆಲಸ ಸಿಕ್ಕಿತು.

ವ್ಯಾಪಾರಿಗಳು ಅದನ್ನು ಆಟೊಮನ್ ಬಂದರುಗಳಿಗೆ ಒಯ್ದರು. ಅಲ್ಲಿ ಅದು ಕೈಯಿಂದ ಕೈಗೆ ಓಡಾಡಿ ಎಷ್ಟು ಸವೆಯಿತೆಂದರೆ, ಅರಬರು ಅದನ್ನು 'ಅಬು ಕಲ್ಬ್' ಅಂದರು. ಕಲ್ಬ್ ಅಂದರೆ ನಾಯಿ! ಅಟ್ಲಾಂಟಿಕ್ ಆಚೆ ಮೇರಿಲ್ಯಾಂಡಿನಲ್ಲೂ ಇದು 'ನಾಯಿ ಡಾಲರ್' ಆಯಿತು. ಬಾಲ್ಕನ್ ಕಡೆಯವರು ಮಾತ್ರ ಸಿಂಹದ ಮರ್ಯಾದೆ ಉಳಿಸಿದರು. ರೊಮೇನಿಯಾದ ಲೆಯು, ಬಲ್ಗೇರಿಯಾದ ಲೆವ್ ಎಂಬ ಹಣದ ಹೆಸರುಗಳ ಮೂಲ ಇದೇ.

ತವರಿನಲ್ಲಿ ಬೇರೆ ಗೊಂದಲ. ಪ್ರಾಂತ್ಯಕ್ಕೊಂದು ಟಂಕಸಾಲೆ, ಕಾಂಪೆನ್, ಜ್ವೊಲ್ಲೆಯಂಥ ಊರುಗಳಿಗೂ ತಮ್ಮದೇ ಒಂದು. 1609ರಲ್ಲಿ ಆಮ್‌ಸ್ಟರ್‌ಡಾಮ್ ನಗರ ವಿಸೆಲ್‌ಬ್ಯಾಂಕ್ ಎಂಬ ನಾಣ್ಯ ವಿನಿಮಯದ ಬ್ಯಾಂಕ್ ಶುರುಮಾಡಿದ್ದಕ್ಕೆ ಈ ನಾಣ್ಯಗಳ ಕಲಸುಮೇಲೋಗರವೂ ಒಂದು ಕಾರಣ. ಸಂಗ್ರಾಹಕರಿಗೆ ಮಾತ್ರ ಅದೇ ಮಜಾ. ಅಂಚಿನ ಲ್ಯಾಟಿನ್ ಬರಹದಲ್ಲಿ 'HOL' ಕಂಡರೆ ಹಾಲೆಂಡ್, 'TRA' ಕಂಡರೆ ಉಟ್ರೆಕ್ಟ್ ಪ್ರಾಂತ್ಯ. ಆದರೆ ಬೇಕಾದ ಆ ಮೂರಕ್ಷರವೇ ಅಚ್ಚಿನಲ್ಲಿ ತಪ್ಪಿಹೋಗಿರುತ್ತದೆ ಅನ್ನಿ.

1659ರಲ್ಲಿ ಬೆಳ್ಳಿ ಡುಕಾಟ್, ಕುದುರೆ ಸವಾರನ ಚಿತ್ರದ ಬೆಳ್ಳಿ ರೈಡರ್ ಬಂದವು. ರೈಡರ್‌ಗಳನ್ನು ಪೆಟ್ಟಿಗೆಗಟ್ಟಲೆ ಪೂರ್ವಕ್ಕೆ ತಂದದ್ದು ಡಚ್ ಈಸ್ಟ್ ಇಂಡಿಯಾ ಕಂಪನಿ. ಇತ್ತ ಬಂದ ಬೆಳ್ಳಿಯಲ್ಲಿ ಎಷ್ಟೋ ಪಾಲು ಕರಗಿ ರೂಪಾಯಿಯಾಯಿತು.

ಕರಗದೆ ಉಳಿದವುಗಳಲ್ಲಿ ಒಂದಷ್ಟು ಮುಳುಗಿದ ಹಡಗುಗಳಲ್ಲಿದ್ದವು. 1627ರಲ್ಲಿ ಇಂಗ್ಲೆಂಡಿನ ವೈಟ್ ದ್ವೀಪದ ಬಳಿ 'ಕಾಂಪೆನ್' ಹಡಗು ಒಡೆಯಿತು. 1979ರಲ್ಲಿ ಅದು ಸಿಕ್ಕಾಗ ಸಿಂಹಗಳೂ ಮೇಲೆ ಬಂದವು. ಹಡಗಿನ ಕಥೆಯ ಸಮೇತ ಸಿಗುವ ನಾಣ್ಯ ಅಂದರೆ ಯಾರಿಗೆ ಬೇಡ, ಅಲ್ವಾ? ಆದರೂ ಕೊಳ್ಳುವ ಮುಂಚೆ ತೂಕ ಮಾಡಿಸಿ. ಉಪ್ಪುನೀರು ಮೊದಲು ತಿನ್ನುವುದು ತಾಮ್ರವನ್ನು. 1575ರಲ್ಲಿ ಬೆಳ್ಳಿ ಉಳಿಸಲು ಬೆರೆಸಿದ್ದೂ ಅದನ್ನೇ.